ಎರಡೂ ಬದಿಗೆ ಮಸಿ

ಮಸಿಯಣ್ಣನ ಕೈಗೆ ಕುಂಚ ಬಂದು ಮೂರು ತಿಂಗಳಾಗಿತ್ತು. ಈಗ ಅವನು ಬಿಟ್ಟರೂ ಅದು ಅವನ ಕೈಯನ್ನು ಬಿಡಲು ಒಪ್ಪುತ್ತಿರಲಿಲ್ಲ.

ಅಂದು ಬೆಳಿಗ್ಗೆ ಅವನ ಹೆಂಡತಿ ದಿನಪತ್ರಿಕೆಯನ್ನು ಅವನ ಮುಖದೆದುರು ಹಿಡಿದಳು. ನಿಧನ ವಾರ್ತೆಯ ಅಂಕಣದಲ್ಲಿ ಆರು ಜನರ ಸುದ್ದಿಯಿತ್ತು. ಆರೂ ಹೆಸರುಗಳ ಮೇಲೆ ನೀಟಾಗಿ ಕಪ್ಪು ಪಟ್ಟಿ ಬಿದ್ದಿತ್ತು.

"ಏನ್ರೀ ಇದು?"

"ಓದ್ತಾ ಇದ್ದೆ. ಪೆನ್ನು ಕೈಯಲ್ಲಿತ್ತು."

"ಯಾರೋ ಹೋಗಿದ್ದಾರೆ ಅಂತ ಗೊತ್ತಾಗತ್ತೆ, ಯಾರು ಅಂತ ಗೊತ್ತಾಗಲ್ಲ. ಈಗ ನಾನು ಯಾರ ಮನೆಗೆ ಹೋಗಿ ಅಳಬೇಕು?"

ಮಸಿಯಣ್ಣ ಚಪ್ಪಲಿ ಹುಡುಕಿದ. ಅವನ ನಿಜವಾದ ಹೆಸರು ಬೇರೆಯೇ ಇತ್ತು. ಆದರೆ ನ್ಯಾಯ ಇಲಾಖೆಯ ಆ ಕಚೇರಿಯಲ್ಲಿ ಅದನ್ನು ಬಳಸುವವರು ಯಾರೂ ಉಳಿದಿರಲಿಲ್ಲ. ಹತ್ತು ಬೆರಳಿನ ಉಗುರಿನ ಸಂದಿಯಲ್ಲೂ ಮಸಿ ಕೂತವನನ್ನು ಬೇರೆ ಏನೆಂದು ಕರೆಯುವುದು.

ಕಥೆ ಶುರುವಾದದ್ದು ನ್ಯಾಯಾಧೀಶರ ಆಯ್ಕೆಯನ್ನು ಸುಧಾರಿಸಬೇಕು ಎಂದು ಸರ್ಕಾರ ತೀರ್ಮಾನಿಸಿದಾಗ. ಹಳೆಯ ಪದ್ಧತಿಯಲ್ಲಿ ಐವರು ಹಿರಿಯರು ಬಾಗಿಲು ಹಾಕಿಕೊಂಡು ಕೂರುತ್ತಿದ್ದರು. ಎರಡು ಸುತ್ತು ಟೀ ಒಳಗೆ ಹೋಗುತ್ತಿತ್ತು, ಮೂರು ಹೆಸರು ಹೊರಗೆ ಬರುತ್ತಿದ್ದವು. ಹೇಗೆ ಆರಿಸಿದಿರಿ ಎಂದು ಕೇಳಿದರೆ, ಚೆನ್ನಾಗಿ ಯೋಚಿಸಿ ಆರಿಸಿದೆವು ಅನ್ನುತ್ತಿದ್ದರು. ಆದರೆ ಪ್ರತಿಸಲವೂ ಆ ಮೂವರಲ್ಲಿ ಒಬ್ಬರು ಯಾರದೋ ಅಳಿಯ, ಒಬ್ಬರು ಯಾರದೋ ಶಿಷ್ಯ, ಮೂರನೆಯವರು ಆ ಅಳಿಯನ ಶಿಷ್ಯ ಆಗಿರುತ್ತಿದ್ದರು. ಪತ್ರಿಕೆಗಳು ಬರೆದವು, ವಕೀಲರು ಕೋಟು ಕಳಚಿ ಮೆಟ್ಟಿಲ ಮೇಲೆ ಕೂತರು, ಸರ್ಕಾರ ಕೆಮ್ಮಿ ಗಂಟಲು ಸರಿಮಾಡಿಕೊಂಡಿತು. ಹೊಸ ಪದ್ಧತಿ ಬಂತು.

ಹೊಸ ಪದ್ಧತಿ ಬಹಳ ಸರಳ. ಆಕಾಂಕ್ಷಿಗಳು ತಾವೇ ಅರ್ಜಿ ಹಾಕಬೇಕು. ಅರ್ಜಿಯಲ್ಲಿರುವ ಹೆಸರು, ತಂದೆಯ ಹೆಸರು, ಊರು, ಭಾವಚಿತ್ರ ಎಲ್ಲಕ್ಕೂ ಮಸಿ ಬಳಿದು ಮೇಲೊಂದು ನಂಬರು ಹಾಕಬೇಕು. ಸಮಿತಿ ನಂಬರನ್ನು ಮಾತ್ರ ಆರಿಸಬೇಕು. ಯಾವ ನಂಬರು ಯಾರದು ಎಂದು ಹೇಳುವುದು ಒಂದೇ ಒಂದು ಪಟ್ಟಿ. ಅದಕ್ಕೆ ಎರಡನೆಯ ಪ್ರತಿ ಇಲ್ಲ, ಸಹಿ ಇಲ್ಲ, ಮೊಹರಿಲ್ಲ. ಮಸಿಯಣ್ಣ ಅದನ್ನು ಕೈಯಲ್ಲಿ ಬರೆದು ತನ್ನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದ್ದ. ಅವನ ಹೊರತು ಯಾರೂ ಅದನ್ನು ನೋಡುವ ಹಾಗಿರಲಿಲ್ಲ. ಇಲಾಖೆಯ ಕಾರ್ಯದರ್ಶಿ ಕೂಡ.

ಎರಡನೆಯ ವಾರದಲ್ಲಿ ಒಂದು ಎಡವಟ್ಟಾಗಿತ್ತು. ಟೈಪಿಸ್ಟ್ ಮೇಡಂ ಒಂದು ಅರ್ಜಿಯನ್ನು ಕಿಟಕಿಗೆ ಹಿಡಿದು, "ಮಸಿಯಣ್ಣ, ಬೆಳಕಿಗೆ ಹಿಡಿದರೆ ಹೆಸರು ಎಕ್ಸ್-ರೇಯಲ್ಲಿ ಮೂಳೆ ಕಂಡ ಹಾಗೆ ಕಾಣತ್ತಲ್ಲ," ಎಂದಿದ್ದರು. ಅಂದು ಇಡೀ ದಿನ ಯೋಚಿಸಿ ಮಸಿಯಣ್ಣ ತಾನೇ ಒಂದು ನಿಯಮ ಕಂಡುಹಿಡಿದ. ಹಾಳೆಯ ಮುಂಬದಿಗೆ ಬಳಿದ ಮೇಲೆ ಮಗುಚಿ ಹಿಂಬದಿಗೂ ಅದೇ ಜಾಗಕ್ಕೆ ಬಳಿಯುವುದು. ಕಾರ್ಯದರ್ಶಿ ಮೆಚ್ಚಿದರು. 'ಇನ್ನು ಮುಂದೆ ಎರಡೂ ಬದಿಗೆ ಮಸಿ ಬಳಿಯತಕ್ಕದ್ದು' ಎಂದು ಸುತ್ತೋಲೆ ಹೊರಟಿತು. ಮೂವತ್ತೆರಡು ವರ್ಷದ ನೌಕರಿಯಲ್ಲಿ ಮಸಿಯಣ್ಣನ ತಲೆಯಿಂದ ಹೊರಟು ನೋಟೀಸು ಬೋರ್ಡು ಮುಟ್ಟಿದ್ದು ಅದೊಂದೇ. ಅದನ್ನವನು ದಿನಕ್ಕೊಮ್ಮೆ ಹೋಗಿ ಓದಿ ಬರುತ್ತಿದ್ದ.

"ಇವತ್ತೇ ಅಲ್ವಾ?" ಹೆಂಡತಿ ಬಾಗಿಲವರೆಗೆ ಬಂದು ಕೇಳಿದಳು.

"ಹೂಂ. ಮೂರು ಗಂಟೆಗೆ ಸಮಿತಿ ಕೂರತ್ತೆ."

"ನಾನು ಸಮಿತಿ ವಿಷಯ ಕೇಳಲಿಲ್ಲ. ನಿಮ್ಮ ವಿಷಯ ಕೇಳಿದೆ."

ಅವನ ವಿಷಯವೂ ಅಂದೇ ಇತ್ತು. ಕಚೇರಿಯ ಮೇಲ್ವಿಚಾರಕರ ಹುದ್ದೆ ಖಾಲಿಯಿತ್ತು. ಮೂವರು ಅರ್ಹರು: ಮಸಿಯಣ್ಣ, ಟೈಪಿಸ್ಟ್ ಮೇಡಂ, ಟಪಾಲು ವಿಭಾಗದ ಗುಮಾಸ್ತ. ಸುಧಾರಣೆಯ ಹುರುಪಿನಲ್ಲಿದ್ದ ಕಾರ್ಯದರ್ಶಿ, ನ್ಯಾಯಾಧೀಶರಿಗೆ ಒಳ್ಳೆಯದಾದ ಪದ್ಧತಿ ನಮಗೇಕೆ ಬೇಡ ಎಂದು ಇದನ್ನೂ ಹೊಸ ಪದ್ಧತಿಗೆ ಸೇರಿಸಿಬಿಟ್ಟಿದ್ದರು. ಮೂವರೂ ಹೆಸರು ಹಾಕದೆ ತಮ್ಮ ಸೇವೆಯ ಬಗ್ಗೆ ಒಂದು ಪುಟ ಟೈಪು ಮಾಡಿ ಕೊಟ್ಟಿದ್ದರು. ನಂಬರನ್ನು ಕಾರ್ಯದರ್ಶಿಯೇ ಹಾಕಿದ್ದರು. "ಯಾವ ನಂಬರು ಯಾರದು ಅನ್ನೋದನ್ನ ಈ ಕಚೇರಿಯಲ್ಲೇ ಅತ್ಯಂತ ಭದ್ರವಾದ ಜಾಗದಲ್ಲಿ ಬರೆದಿಡ್ತೀನಿ. ಯಾರೂ ಹುಡುಕೋ ಕಷ್ಟ ತಗೋಬೇಡಿ," ಎಂದಿದ್ದರು.

ಮಸಿಯಣ್ಣನ ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು. ಇದು ತಪ್ಪಿದರೆ ಇನ್ನೊಂದು ಇರಲಿಲ್ಲ.

"ನನ್ನ ತಂಗಿ ಗಂಡ ಮೇಲ್ವಿಚಾರಕ ಆಗಿ ಆರು ವರ್ಷ ಆಯ್ತು. ಅವನಿಗೆ ಫೈಲಿಗೆ ದಾರ ಕಟ್ಟೋಕೂ ಬರಲ್ಲ," ಎಂದಳು ಹೆಂಡತಿ. ನಂತರ ಸ್ವಲ್ಪ ಮೆತ್ತಗೆ, "ಕೈ ಇರೋ ಕುರ್ಚಿ ಕೊಡ್ತಾರಂತೆ. ನಿಮ್ಮ ಸೊಂಟಕ್ಕೂ ಒಳ್ಳೇದು," ಎಂದಳು.

ಆ ಕುರ್ಚಿಯನ್ನು ಮಸಿಯಣ್ಣ ಬಲ್ಲ. ಕಾರ್ಯದರ್ಶಿಯ ಕೋಣೆಯ ಹೊರಗೆ, ಕಿಟಕಿಯ ಪಕ್ಕದಲ್ಲಿ ಅದು ಎಂಟು ತಿಂಗಳಿಂದ ಖಾಲಿ ಕೂತಿತ್ತು. ಮೂವರು ಅರ್ಹರೂ ಅದರ ಮುಂದೆ ಹಾದುಹೋಗುವಾಗ ಬೇರೆಲ್ಲೋ ನೋಡುತ್ತಿದ್ದರು.

ಕಚೇರಿಯಲ್ಲಿ ಅವನಿಗಾಗಿ ಕೆಲಸ ಕಾದಿತ್ತು. ಹನ್ನೆರಡು ಅರ್ಜಿಗಳ ಕೊನೆಯ ಪುಟದಲ್ಲಿ ಫೋನ್ ನಂಬರು ಉಳಿದುಬಿಟ್ಟಿದೆ, ಅದಕ್ಕೂ ಬಳಿಯಬೇಕು ಎಂದು ಕಾರ್ಯದರ್ಶಿ ಚೀಟಿ ಕಳಿಸಿದ್ದರು. ಮಸಿಯಣ್ಣ ದಾಖಲೆ ಕೋಣೆಯ ತನ್ನ ಸ್ಟೂಲಿನ ಮೇಲೆ ಕೂತು, ಬಾಟಲಿಯ ಮುಚ್ಚಳ ತೆಗೆದು, ನಂಬರುಗಳು ಅದಲುಬದಲಾಗದಿರಲಿ ಎಂದು ಡ್ರಾಯರಿನಿಂದ ಪಟ್ಟಿಯನ್ನೂ ತೆಗೆದು ಪಕ್ಕದಲ್ಲಿಟ್ಟುಕೊಂಡ.

ಕೈ ಕೆಲಸ ಮಾಡುತ್ತಿತ್ತು, ತಲೆ ಕುರ್ಚಿಯ ಮೇಲೆ ಕೂತಿತ್ತು. ಕುರ್ಚಿಯನ್ನು ಕಿಟಕಿಗೆ ಬೆನ್ನು ಮಾಡಿ ಇಡುವುದೋ, ಮುಖ ಮಾಡಿ ಇಡುವುದೋ? ಬೆನ್ನು ಮಾಡಿದರೆ ಬೆಳಕು ಚೆನ್ನ. ಮುಖ ಮಾಡಿದರೆ ರಸ್ತೆ ಕಾಣುತ್ತದೆ. ಒಂದು ಹಾಳೆ, ಮುಂಬದಿ, ಮಗುಚು, ಹಿಂಬದಿ, ಆರಲು ಇಡು. ಇನ್ನೊಂದು ಹಾಳೆ. ಒಂದು ಹಾಳೆಯಲ್ಲಂತೂ ಹೆಸರೋ ಹೆಸರು, ಸಾಲುಸಾಲು ಹೆಸರು. ಕುಂಚ ಹಸಿದ ಹಸು ಹುಲ್ಲುಗಾವಲಿಗೆ ಬಿದ್ದಂತೆ ಮೇಲಿಂದ ಕೆಳಗೆ ಮೇಯ್ದುಕೊಂಡು ಹೋಯಿತು. ಮಗುಚಿದ. ಹಿಂದೆಯೂ ಏನೋ ಎರಡು ಮೂರು ನೀಲಿ ಸಾಲಿತ್ತು. ಹಿಂಬದಿಯಲ್ಲಿ ಏನಿದೆ ಎಂದು ಓದುವುದನ್ನು ಅವನು ಎಂದೋ ಬಿಟ್ಟಿದ್ದ. ಬಳಿದ. ಆರಲು ಇಟ್ಟ. ಮುಖ ಮಾಡಿಯೇ ಇಡೋಣ ಎಂದು ತೀರ್ಮಾನಿಸಿದ.

ಕೊನೆಯ ಅರ್ಜಿಯ ನಂಬರು ತಾಳೆ ನೋಡಲು ಪಟ್ಟಿಗೆ ಕೈ ಚಾಚಿದಾಗ ಪಟ್ಟಿ ಇರಲಿಲ್ಲ. ಮೇಜಿನ ಕೆಳಗೆ ನೋಡಿದ. ಡ್ರಾಯರಿನಲ್ಲಿ ನೋಡಿದ. ಆಮೇಲೆ ಆರಲು ಇಟ್ಟ ಹಾಳೆಗಳನ್ನು ನೋಡಿದ. ಹನ್ನೆರಡಿರಬೇಕಾದ ಕಡೆ ಹನ್ನೆರಡೇ ಇದ್ದವು. ಆದರೆ ಒಂದು ಅರ್ಜಿ ಇನ್ನೂ ಕೈಯಲ್ಲೇ ಇತ್ತು.

ಮಸಿಯಣ್ಣ ಸ್ಟೂಲಿನ ಮೇಲೆ ಕೂತು, ತನ್ನ ಎರಡೂ ಕೈಗಳನ್ನು ಬೇರೆ ಯಾರದೋ ಕೈಗಳೆಂಬಂತೆ ನೋಡಿದ.

ಗಂಟೆ ಹತ್ತೂವರೆ. ಮೂರಕ್ಕೆ ಸಮಿತಿ. ಸಮಿತಿ ಮೂರು ನಂಬರು ಆರಿಸಿದ ಕೂಡಲೇ ಅವನು ಪಟ್ಟಿ ನೋಡಿ ಹೆಸರು ಓದಬೇಕು. ಪಟ್ಟಿ ಕಳೆದಿದ್ದರೆ ಮೂರು ತಿಂಗಳ ಸುಧಾರಣೆ ಹಾಳು. ನಾಳೆಯ ಪತ್ರಿಕೆಯಲ್ಲಿ ಅವನ ಹೆಸರು. ಅದಕ್ಕೆ ಮಸಿ ಬಳಿಯುವವರು ಯಾರೂ ಇಲ್ಲ. ಕುರ್ಚಿಯ ಮಾತು ಹಾಗಿರಲಿ, ಸ್ಟೂಲೂ ಉಳಿಯುವುದಿಲ್ಲ.

ಹನ್ನೆರಡು ಹೆಸರುಗಳಲ್ಲಿ ಹೆಚ್ಚಿನವು ನೆನಪಿದ್ದವು. ಆದರೆ ಯಾವ ಹೆಸರಿಗೆ ಯಾವ ನಂಬರು ಎಂಬುದು ಒಂದೂ ನೆನಪಿರಲಿಲ್ಲ. ಆಗ ಅವನಿಗೆ ಒಂದು ಉಪಾಯ ಹೊಳೆಯಿತು. ನಾಲ್ಕನೆಯ ನಂಬರಿನ ಅರ್ಜಿಯನ್ನು ಮೇಲಿಟ್ಟು ಇಡೀ ಕಟ್ಟು ಎತ್ತಿಕೊಂಡು ಟೈಪಿಸ್ಟ್ ಮೇಡಂ ಬಳಿ ಹೋದ. ಎಲ್ಲ ಅರ್ಜಿಗಳ ಸಾರಾಂಶ ಟೈಪು ಮಾಡಿದವರು ಅವರೇ.

"ಮೇಡಂ, ನನ್ನ ಮಸಿ ಎಷ್ಟು ಗಟ್ಟಿ ಅಂತ ಒಂದು ಪರೀಕ್ಷೆ ಮಾಡ್ತಾ ಇದೀನಿ. ಈ ನಾಲ್ಕು ಯಾರು ಅಂತ ನಿಮಗೆ ಗೊತ್ತಾಗೋಕೆ ಸಾಧ್ಯವೇ ಇಲ್ಲ, ಅಲ್ವಾ?"

ಟೈಪಿಸ್ಟ್ ಮೇಡಂ ಕನ್ನಡಕದ ಮೇಲಿಂದ ನೋಡಿದರು. ಗೊತ್ತಿಲ್ಲ ಎಂದು ಯಾರಾದರೂ ಅವರ ಬಗ್ಗೆ ಅಂದುಕೊಂಡರೆ ಅವರಿಗೆ ಊಟ ಸೇರುತ್ತಿರಲಿಲ್ಲ.

"ಯಾಕೆ ಗೊತ್ತಾಗಲ್ಲ? 'ಈ ನ್ಯಾಯಾಲಯಕ್ಕೆ ಬರುವ ರಸ್ತೆಗೆ ನನ್ನ ತಾತನ ಹೆಸರಿದೆ' ಅಂತ ಬರೆದಿದ್ದಾರಲ್ಲ, ಓದಿಲ್ವಾ? ನೀವು ತಾತನ ಹೆಸರಿಗೆ ಬಳಿದಿರಿ, ರಸ್ತೆಗೆ ಬಳಿದ್ರಾ?"

ಮಸಿಯಣ್ಣ ಕಿಟಕಿಯಿಂದ ಹೊರಗೆ ನೋಡಿದ. ರಸ್ತೆಯ ಫಲಕ ದೊಡ್ಡಕ್ಷರದಲ್ಲಿ ಅವನನ್ನೇ ನೋಡುತ್ತಿತ್ತು.

"ಸರಿ. ಏಳು?"

"ಏಳು ಒಂದು ವಾಕ್ಯಕ್ಕೆ ಮೂರು ಸಲ 'ವಿನಮ್ರವಾಗಿ' ಅನ್ನೋರು. ಕೋರ್ಟಲ್ಲಿ ಎದುರಾಳಿ ವಕೀಲರನ್ನ ಬೈಯೋದೂ ವಿನಮ್ರವಾಗೇ. ನಮ್ಮ ಸಮಿತಿ ಅಧ್ಯಕ್ಷರ ಕೈಕೆಳಗೆ ಹತ್ತು ವರ್ಷ ಕೆಲಸ ಮಾಡಿದಾರೆ, ಅಧ್ಯಕ್ಷರೂ ಹಾಗೇ ಬರೆಯೋದು. ಒಂದು, ಎರಡು, ಐದು ಕೂಡ ಹೀಗೇ ಗೊತ್ತಾಗತ್ತೆ. ಎರಡರ ಅರ್ಜಿ ಟೈಪು ಮಾಡಿದ್ದು ನನ್ನ ನಾದಿನಿ. ಅವಳು ಅಲ್ಪವಿರಾಮದ ಹಿಂದೆ ಜಾಗ ಬಿಡ್ತಾಳೆ, ನೋಡಿ ಇಲ್ಲಿ."

ಐದೇ ನಿಮಿಷದಲ್ಲಿ ಐದು ನಂಬರಿನ ಹೆಸರು ಸಿಕ್ಕಿದವು. ಮಸಿಯಣ್ಣನಿಗೆ ಸಂತೋಷವೂ ಆಯಿತು, ಬೇಸರವೂ ಆಯಿತು. ಮೂರು ತಿಂಗಳು ಅವನು ಹನ್ನೆರಡು ಬಾಟಲಿ ಮಸಿ ಖರ್ಚು ಮಾಡಿದ್ದ.

"ಯಾಕೆ ಇದೆಲ್ಲ ಕೇಳ್ತಾ ಇದೀರಿ?" ಮೇಡಂ ಹಠಾತ್ತನೆ ಕೇಳಿದರು. "ಪರೀಕ್ಷೆ ಅಂದ್ರಲ್ಲ, ಯಾರು ಹೇಳಿದ್ದು ಪರೀಕ್ಷೆ ಮಾಡೋಕೆ?"

"ಮೇಲಿನಿಂದ," ಎಂದ ಮಸಿಯಣ್ಣ, ಬೇರೇನೂ ತೋಚದೆ.

ಅದು ತಪ್ಪಾಯಿತು. ಅವನು ಕಾರಿಡಾರು ದಾಟುವ ಮೊದಲೇ ಸುದ್ದಿ ಕಾರಿಡಾರು ದಾಟಿತ್ತು. ಗುಟ್ಟು ಹೊರಗೆ ಬಿಟ್ಟವರು ಯಾರು ಎಂದು ಮೇಲಿನವರು ಒಳಗೊಳಗೇ ವಿಚಾರಣೆ ನಡೆಸುತ್ತಿದ್ದಾರೆ, ಮಸಿಯಣ್ಣನನ್ನೇ ಅದಕ್ಕೆ ಬಿಟ್ಟಿದ್ದಾರೆ, ಸಿಕ್ಕಿಬಿದ್ದವರಿಗೆ ಬಡ್ತಿ ಇಲ್ಲ ಎಂಬುದು ಸುದ್ದಿ. ಅವನು ಟಪಾಲು ವಿಭಾಗದ ಬಾಗಿಲಲ್ಲಿ ಮುಖ ತೋರಿಸಿದ ಕೂಡಲೇ ಟಪಾಲು ಗುಮಾಸ್ತ ಎದ್ದು ನಿಂತುಬಿಟ್ಟ. ಇಪ್ಪತ್ತು ವರ್ಷದಲ್ಲಿ ಅವನು ಮಸಿಯಣ್ಣನಿಗೆ ಎದ್ದು ನಿಂತದ್ದು ಅದೇ ಮೊದಲು.

"ನನಗೇನೂ ಗೊತ್ತಿಲ್ಲ," ಎಂದ ಟಪಾಲು ಗುಮಾಸ್ತ.

"ನಾನಿನ್ನೂ ಏನೂ ಕೇಳಿಲ್ಲವಲ್ಲ."

"ಕೇಳಿದ್ರೂ ಗೊತ್ತಿಲ್ಲ. ಮೂರನೇ ನಂಬರು ಯಾರು ಅಂತ ನನಗೆ ಗೊತ್ತೇ ಇಲ್ಲ."

"ಮೂರನೇ ನಂಬರೇ ಯಾಕೆ?"

"ಅವರೇ ತಾನೆ ವಾರಕ್ಕೆ ಎರಡು ಸಲ ಫೋನ್ ಮಾಡ್ತಾ ಇದ್ದದ್ದು. ನಾನು ಎತ್ತಿಯೇ ಇಲ್ಲ. ಎತ್ತಿದರೂ ಮಾತಾಡಿಲ್ಲ. ಆ ಲಾ ಕಾಲೇಜಿನ ಪ್ರಿನ್ಸಿಪಾಲರ ಧ್ವನಿ ನನಗೆ ಗೊತ್ತಾಗತ್ತೇನು? ನಾನೇನು ಅವರ ಹತ್ತಿರ ಓದಿದ್ದೀನಾ? ಓದಿದ್ದೆ, ಆದರೆ ಒಂದೇ ವರ್ಷ."

ಮಸಿಯಣ್ಣ ತಲೆಯಾಡಿಸಿದ. ಬಾಯಿ ತೆಗೆಯದೆ ಇರುವುದೇ ಇಲ್ಲಿ ಕೆಲಸ ಎಂದು ಅವನಿಗೆ ಅರ್ಥವಾಗಿತ್ತು. ಟಪಾಲು ಗುಮಾಸ್ತನಿಗೆ ಆ ಮೌನ ಪೊಲೀಸರ ಲಾಠಿಯಂತೆ ಕಂಡಿತು.

"ನೋಡಿ ಮಸಿಯಣ್ಣ, ನಾವಿಬ್ಬರೂ ಒಂದೇ ಹುದ್ದೆಗೆ ನಿಂತವರು ನಿಜ. ಆದರೆ ನಾನು ಅಂಥವನಲ್ಲ. ಯಾರಿಗೆ ಗೊತ್ತು ಅನ್ನೋದನ್ನ ಬೇಕಾದರೆ ಹೇಳ್ತೀನಿ. ಟೀ ಅಮ್ಮನಿಗೆ ಎಲ್ಲ ಗೊತ್ತು. ಆರು ನಂಬರು ಸಮಿತಿಯ ಸದಸ್ಯರೊಬ್ಬರ ಬೀಗರು ಅಂತ ಅವಳೇ ಹೇಳಿದ್ದು, ನನ್ನ ಕಿವಿಯಾರೆ ಕೇಳಿದ್ದೀನಿ. ಹತ್ತು ಆ ಪೀಠೋಪಕರಣದ ಕೇಸು ಗೆದ್ದವರು, ಹನ್ನೆರಡು ಆ ಕೇಸು ಸೋತವರು. ಇಬ್ಬರೂ ಒಂದೇ ದಿನ ಅರ್ಜಿ ತಂದು ಕೊಟ್ಟು, ಮೆಟ್ಟಿಲ ಮೇಲೆ ಒಬ್ಬರಿಗೊಬ್ಬರು ಕಂಡು, ಹೆಂಡತಿಯ ಪಿಂಚಣಿ ವಿಚಾರಿಸೋಕೆ ಬಂದೆ ಅಂತ ಇಬ್ಬರೂ ಹೇಳಿದರು. ಇಷ್ಟೆಲ್ಲ ಅವಳಿಗೆ ಗೊತ್ತು. ನನಗೇನೂ ಗೊತ್ತಿಲ್ಲ ಅಂತ ಬರ್ಕೊಳ್ಳಿ."

ಮಸಿಯಣ್ಣ ಬರೆದುಕೊಂಡ. ಮೂರು, ಆರು, ಹತ್ತು, ಹನ್ನೆರಡು.

ಟೀ ಅಮ್ಮ ಮೊದಲ ಮಹಡಿಯ ಮೂಲೆಯಲ್ಲಿ ಸ್ಟವ್ ಇಟ್ಟುಕೊಂಡಿದ್ದಳು. ಈ ಕಟ್ಟಡದಲ್ಲಿ ಎಷ್ಟೇ ಮುಚ್ಚಿದ ಬಾಗಿಲೂ ಟ್ರೇ ಹಿಡಿದ ಅವಳಿಗೆ ತೆರೆಯುತ್ತಿತ್ತು. ಐದು ಜನ ದೊಡ್ಡವರು ಲೋಟಕ್ಕೆ ಕೈ ಚಾಚುವಾಗ ಮಾತು ನಿಲ್ಲಿಸುವುದಿಲ್ಲ ಎಂಬುದನ್ನು ಸುಧಾರಣೆ ಬರೆದವರು ಯೋಚಿಸಿರಲಿಲ್ಲ.

"ಬಾರಣ್ಣ. ನೀನು ಏನೋ ವಿಚಾರಣೆ ಮಾಡ್ತಾ ಇದೀಯಂತೆ," ಎಂದಳು. "ನನ್ನನ್ನ ಯಾವಾಗ ಹಿಡಿಯೋದು? ಹಾಲು ಉಕ್ಕತ್ತೆ, ಬೇಗ ಹಿಡಿ."

ಅವಳ ಮುಂದೆ ಮಸಿಯಣ್ಣನಿಗೆ ನಾಟಕ ಸಾಗಲಿಲ್ಲ. ಅವಳು ಅವನ ಮುಖ ನೋಡಿದಳು, ಕೈ ನೋಡಿದಳು, ಅಂಗಿಯ ತೋಳಿನ ಮೇಲೆ ಹೊಸದಾಗಿ ಬಿದ್ದ ಮಸಿಯ ಕಲೆ ನೋಡಿದಳು.

"ಪಟ್ಟಿಗೂ ಬಳಿದುಬಿಟ್ಯಾ?"

ಮಸಿಯಣ್ಣ ಸುತ್ತ ನೋಡಿ, ಹೌದು ಎಂದು ತಲೆಯಾಡಿಸಿದ. ಟೀ ಅಮ್ಮ ನಗಲಿಲ್ಲ. ಅದಕ್ಕಾಗಿ ಅವನಿಗೆ ಅವಳ ಕಾಲು ಮುಟ್ಟುವ ಹಾಗಾಯಿತು.

"ಕೂತ್ಕೋ. ಎಷ್ಟು ಸಿಕ್ಕಿದೆ? ತೋರಿಸು. ಐದು ತಪ್ಪು. ಟೈಪಿಸ್ಟ್ ಹೇಳಿದ್ದಾ? ಅವಳಿಗೆ ಐದೂ ಎಂಟೂ ಅದಲುಬದಲು. ಸಕ್ಕರೆ ಇಲ್ಲದ ಟೀ ಕುಡಿಯೋರು, ಎರಡು ಸಲ ಬಂದು ಸದಸ್ಯರ ಕೋಣೆಯಲ್ಲಿ ಕೂತು ಹೋದರಲ್ಲ, ಅವರು ಎಂಟು. ಐದು ಅಂದ್ರೆ ಆ ದಪ್ಪ ಮೀಸೆಯವರು. ಹನ್ನೊಂದು ಆ ಉದ್ದಕ್ಕೆ ಇರೋ ಮೇಡಂ, ಮಂತ್ರಿಗಳ ಅಣ್ಣನ ಸೊಸೆ. ಬರ್ಕೋ."

"ಒಂಬತ್ತು?"

ಟೀ ಅಮ್ಮ ಹಾಲಿನ ಪಾತ್ರೆ ಇಳಿಸಿ ಯೋಚಿಸಿದಳು. "ಒಂಬತ್ತರ ಬಗ್ಗೆ ಯಾರೂ ಏನೂ ಮಾತಾಡಿಲ್ಲವಲ್ಲಣ್ಣ."

ಮಸಿಯಣ್ಣ ಒಂಬತ್ತನೆಯ ಅರ್ಜಿಯನ್ನು ಮತ್ತೆ ಓದಿದ. ಯಾವ ರಸ್ತೆಯೂ ಇಲ್ಲ, ತಾತನೂ ಇಲ್ಲ. ಇಪ್ಪತ್ತೆರಡು ವರ್ಷ ಸಣ್ಣ ಕೋರ್ಟುಗಳಲ್ಲಿ ಕೆಲಸ ಮಾಡಿದ ಲೆಕ್ಕ, ಬರೆದ ತೀರ್ಪುಗಳ ವಿವರ, ಅಷ್ಟೇ. ಯಾರೂ ಫೋನು ಮಾಡಿರಲಿಲ್ಲ. ಅರ್ಜಿ ಅಂಚೆಯಲ್ಲಿ ಬಂದಿತ್ತು. ಮೂರು ತಿಂಗಳಲ್ಲಿ ಈ ಕಟ್ಟಡದಲ್ಲಿ ಮಸಿ ನಿಜವಾಗಿ ಕೆಲಸ ಮಾಡಿದ್ದು ಈ ಒಂದು ಅರ್ಜಿಯ ಮೇಲೆ ಮಾತ್ರ. ಆ ಹೆಸರನ್ನು ಒಮ್ಮೆ ತಾನೇ ಬರೆದಿದ್ದೆ ಎಂದು ನೆನೆದು ಮಸಿಯಣ್ಣ ಕಣ್ಣು ಮುಚ್ಚಿದ. ಕಪ್ಪು ಪಟ್ಟಿಯೊಂದೇ ಕಂಡಿತು.

ಎರಡೂವರೆಗೆ ಅವನು ಹೊಸ ಹಾಳೆಯ ಮೇಲೆ, ಅದೇ ಪೆನ್ನಿನಿಂದ, ಅದೇ ಅಕ್ಷರದಲ್ಲಿ ಹನ್ನೊಂದು ಹೆಸರು ಬರೆದ. ಒಂಬತ್ತರ ಮುಂದೆ ಜಾಗ ಬಿಟ್ಟ. ಹಳೆಯ ಹಾಳೆಯನ್ನು ಮಡಚಿ ಡ್ರಾಯರಿನ ತಳಕ್ಕೆ ತಳ್ಳಿದ.

ಮೂರು ಗಂಟೆಗೆ ಸಮಿತಿ ಕೂತಿತು. ಅಧ್ಯಕ್ಷರು ನಿವೃತ್ತ ನ್ಯಾಯಮೂರ್ತಿ. ಕೂತರೆ ಕಣ್ಣು ಮುಚ್ಚುವ, ಮುಚ್ಚಿದರೂ ನಿದ್ದೆ ಮಾಡದ ಅಭ್ಯಾಸ. ಮಸಿಯಣ್ಣ ಗೋಡೆಗೆ ಒರಗಿ ನಿಂತ, ಪಟ್ಟಿಯ ಲಕೋಟೆಯನ್ನು ಎದೆಗೆ ಒತ್ತಿಕೊಂಡು. ಕಾರ್ಯದರ್ಶಿ ಎದ್ದು, ನಮ್ಮ ಮುಂದೆ ವ್ಯಕ್ತಿಗಳಿಲ್ಲ, ಅರ್ಹತೆಗಳು ಮಾತ್ರ ಇವೆ ಎಂದು ಚಿಕ್ಕ ಭಾಷಣ ಮಾಡಿದರು.

"ನಾಲ್ಕು ಒಳ್ಳೆ ಮನೆತನ," ಎಂದರು ಒಬ್ಬ ಸದಸ್ಯರು. ಕಾರ್ಯದರ್ಶಿ ಕೆಮ್ಮಿದರು. "ಅಂದರೆ, ಬರವಣಿಗೆಯಿಂದ ಹಾಗನ್ನಿಸತ್ತೆ," ಎಂದು ಸದಸ್ಯರು ತಿದ್ದಿಕೊಂಡರು.

"ಏಳರ ವಿನಯ ನನಗೆ ಹಿಡಿಸಿತು," ಎಂದರು ಅಧ್ಯಕ್ಷರು.

"ಹನ್ನೊಂದನ್ನ ಬಿಡೋಕಾಗಲ್ಲ," ಎಂದರು ಮೂರನೆಯವರು, ಮೇಲಿನ ಮಹಡಿಯ ಕಡೆ ಒಮ್ಮೆ ನೋಡಿ.

ಆಗ ಐದನೆಯ ಸದಸ್ಯರು, ಈವರೆಗೆ ಅರ್ಜಿಗಳನ್ನು ನಿಜವಾಗಿಯೂ ಓದುತ್ತಾ ಕೂತಿದ್ದವರು, "ಒಂಬತ್ತು?" ಎಂದರು. "ಇವೆಲ್ಲದರಲ್ಲಿ ಚೆನ್ನಾಗಿರೋದು ಒಂಬತ್ತೇ."

ಎಲ್ಲರೂ ಒಂಬತ್ತನ್ನು ತೆರೆದರು. ಹೌದು ಎಂದರು. ಎಂಥ ತೀರ್ಪುಗಳು ಎಂದರು. ಎಷ್ಟು ಸ್ಪಷ್ಟ ಭಾಷೆ ಎಂದರು. ಐದು ನಿಮಿಷ ಹೊಗಳಿದರು. ಗೋಡೆ ಸ್ವಲ್ಪ ಹಿಂದೆ ಸರಿದರೆ ಅದರೊಳಗೆ ಹೋಗಬಹುದಿತ್ತು ಎಂದು ಮಸಿಯಣ್ಣನಿಗೆ ಅನ್ನಿಸಿತು.

"ಒಳ್ಳೆಯದೇ," ಎಂದರು ಅಧ್ಯಕ್ಷರು ಕಣ್ಣು ತೆರೆಯದೆ. "ಆದರೆ ಯಾರು ಇವರು? ನಮಗೆ ಇವರ ಬಗ್ಗೆ ಏನೂ ಗೊತ್ತಿಲ್ಲವಲ್ಲ."

ಏನೂ ಗೊತ್ತಿಲ್ಲದವರನ್ನು ಆರಿಸಲಾಗದು ಎಂಬುದನ್ನು ಎಲ್ಲರೂ ಒಪ್ಪಿದರು. ಐದನೆಯವರೂ ಸ್ವಲ್ಪ ಹೊತ್ತಿನ ಮೇಲೆ ಒಪ್ಪಿದರು. ನಾಲ್ಕು, ಏಳು, ಹನ್ನೊಂದು ಆಯ್ಕೆಯಾದವು. ಮಸಿಯಣ್ಣ ಉಸಿರು ಬಿಟ್ಟ. ಬಿಟ್ಟ ಮೇಲೆ, ಹೆಸರು ಮರೆತ ಆ ಒಬ್ಬರ ಬಗ್ಗೆ ಸ್ವಲ್ಪ ನಾಚಿಕೆಯಾಯಿತು. ಅವರ ಹೆಸರನ್ನು ಬೆಳಿಗ್ಗೆ ಅಳಿಸಿದ್ದು ಅವನು. ಈಗ ಅಳಿಸಿದ್ದು ಸಮಿತಿ.

ಲಕೋಟೆ ತೆರೆದು ಅವನು ಮೂರು ಹೆಸರು ಓದಿದ. ಯಾರೂ ಆಶ್ಚರ್ಯಪಡಲಿಲ್ಲ. ಕಾರ್ಯದರ್ಶಿ ಒಬ್ಬರೇ, ಪ್ರತಿ ಹೆಸರಿಗೂ ಹುಬ್ಬೇರಿಸಿದರು. ಮೂರು ಹೆಸರುಗಳು ಮೊಹರಾದ ಲಕೋಟೆಯಲ್ಲಿ ಅಲ್ಲಿಂದಲೇ ಮಂತ್ರಿಗಳ ಕಚೇರಿಗೆ ಹೋದವು. ಪೂರಾ ಪಟ್ಟಿ ನೋಡಲು ಯಾರೂ ಕೇಳಲಿಲ್ಲ.

ನಂತರ ಮೇಲ್ವಿಚಾರಕರ ಹುದ್ದೆಯ ಮೂರು ಪುಟಗಳು ಸುತ್ತು ಹೋದವು. ಅಧ್ಯಕ್ಷರು ಒಂದು ಪುಟ ಓದುತ್ತಾ ಮೊದಲ ಬಾರಿಗೆ ಕಣ್ಣು ಪೂರ್ತಿ ತೆರೆದರು, ನಕ್ಕರು, ಪಕ್ಕದವರಿಗೆ ದಾಟಿಸಿದರು. ಎಲ್ಲರೂ ನಕ್ಕು ತಲೆದೂಗಿದರು. "ಎರಡು," ಎಂದರು ಅಧ್ಯಕ್ಷರು. ಎರಡು ಎಂದು ಕಾರ್ಯದರ್ಶಿ ಬರೆದುಕೊಂಡರು. ಸಮಿತಿ ಎದ್ದಿತು.

ಕೋಣೆ ಖಾಲಿಯಾದ ಮೇಲೆ ಕಾರ್ಯದರ್ಶಿ ಮಸಿಯಣ್ಣನ ಭುಜ ತಟ್ಟಿದರು.

"ಮೂರು ತಿಂಗಳು, ಒಂದು ಅಕ್ಷರ ಹೊರಗೆ ಹೋಗಲಿಲ್ಲ. ಇದು ನಿಮ್ಮಿಂದ ಆದದ್ದು. ಈಗ ನಮ್ಮ ಮನೆಯ ವಿಷಯ ನೋಡೋಣ. ಆ ಪಟ್ಟಿ ಕೊಡಿ."

"ಯಾವ ಪಟ್ಟಿ ಸರ್?"

"ಅದೇ, ನಿಮ್ಮ ಕೈಯಲ್ಲಿರೋದು. ಭದ್ರವಾದ ಜಾಗ ಅಂದಿದ್ದೆನಲ್ಲ. ಈ ಕಚೇರಿಯಲ್ಲಿ ನಿಮ್ಮ ಪಟ್ಟಿಗಿಂತ ಭದ್ರವಾದದ್ದು ಯಾವುದಿದೆ? ನಿನ್ನೆ ಸಂಜೆ ನೀವು ಹೋದ ಮೇಲೆ ನನ್ನ ಹತ್ತಿರ ಇರೋ ಕೀಲಿಯಿಂದ ಡ್ರಾಯರು ತೆಗೆದೆ. ಮುಂಬದಿ ನೋಡಲಿಲ್ಲ, ಗಾಬರಿಯಾಗಬೇಡಿ. ಕಣ್ಣು ಮುಚ್ಚಿಕೊಂಡು ಹಾಳೆ ತೆಗೆದು, ಮಗುಚಿ, ಹಿಂಬದಿಯಲ್ಲಿ ನಿಮ್ಮ ಮೂವರ ನಂಬರು, ಹೆಸರು ಬರೆದು, ಹಾಗೇ ಒಳಗಿಟ್ಟೆ. ನೀಲಿ ಶಾಯಿ. ಮಗುಚಿ ನೋಡಿ, ಎರಡು ಯಾರು?"

ಮಸಿಯಣ್ಣ ಹಾಳೆ ಮಗುಚಿದ. ಅದು ಅಂಗಡಿಯಿಂದ ಬಂದಷ್ಟೇ ಬೆಳ್ಳಗಿತ್ತು.

ಕಾರ್ಯದರ್ಶಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇದರ ಹಿಂದೆಯೇ ಬರೆದಿದ್ದೆ."

ಹೇಳಿಬಿಡಲೇ ಎಂದು ಮಸಿಯಣ್ಣ ಒಂದು ಕ್ಷಣ ಯೋಚಿಸಿದ. ಸರ್, ಆ ಹಾಳೆ ಬೇರೆ, ಈ ಹಾಳೆ ಬೇರೆ. ಈಗಷ್ಟೇ ಮಂತ್ರಿಗಳಿಗೆ ಹೋದ ಮೂವರು ನ್ಯಾಯಾಧೀಶರು ಟೀ ಅಮ್ಮನ ಸ್ಟವ್ ಪಕ್ಕದಿಂದ ಬಂದವರು. ಆ ವಾಕ್ಯ ಬಾಯಿಯವರೆಗೆ ಬಂದು, ಹೊರಗಿನ ಪರಿಸ್ಥಿತಿ ನೋಡಿ, ಒಳಗೆ ಹೋಯಿತು.

"ಏನೂ ಇಲ್ಲವಲ್ಲ ಸರ್," ಎಂದ.

"ಕಣ್ಣು ಮುಚ್ಚಿಕೊಂಡಿದ್ದೆ ನೋಡಿ. ಬೇರೆ ಯಾವುದೋ ಹಾಳೆ ಕೈಗೆ ಸಿಕ್ಕಿರಬೇಕು. ಡ್ರಾಯರಲ್ಲಿ ಇನ್ನೇನಿತ್ತು?"

"ಕುಂಚ ಒರೆಸೋ ಕಾಗದ ಇತ್ತು ಸರ್."

"ಅದೆಲ್ಲಿ?"

"ಮಸಿಯಾಗಿದೆ ಸರ್."

ಇದು ಸುಳ್ಳೇನೂ ಆಗಿರಲಿಲ್ಲ. ಕಾರ್ಯದರ್ಶಿ ಕಿಟಕಿಯ ಕಡೆ ಮುಖ ಮಾಡಿ ನಿಂತರು. ತಪ್ಪು ತನ್ನದೇ ಎಂದು ನಂಬಿದ ಮನುಷ್ಯನ ಬೆನ್ನು ಅದು. ಮಸಿಯಣ್ಣನಿಗೆ ಅದನ್ನು ನೋಡಲಾಗಲಿಲ್ಲ.

"ನಿಮಗೇ ನೆನಪಿರಬಹುದಲ್ಲ ಸರ್, ಎರಡು ಯಾರು ಅಂತ," ಎಂದ ಮೆಲ್ಲಗೆ.

"ನೆನಪಿಟ್ಟುಕೊಳ್ಳಬಾರದು ಅಂತಲೇ ಬರೆದಿಟ್ಟದ್ದು. ಪುಟ ಓದಿದರೆ ಊಹೆ ಮಾಡಬಹುದು. ಆದರೆ ಊಹೆ ಮಾಡಿ ಆರಿಸೋದಕ್ಕೆ ಹಳೇ ಪದ್ಧತಿಯೇ ಇತ್ತಲ್ಲ?" ಕಾರ್ಯದರ್ಶಿ ತಿರುಗಿದರು. ಅವರ ಮುಖದಲ್ಲಿ ಮತ್ತೆ ಸುಧಾರಣೆ ಬಂದು ಕೂತಿತ್ತು. "ಇಲ್ಲ. ಪಟ್ಟಿ ಇಲ್ಲದ ಮೇಲೆ ಆಯ್ಕೆಯೂ ಇಲ್ಲ. ಸಮಿತಿ ಮತ್ತೆ ಕೂರೋದು ಒಂದೂವರೆ ವರ್ಷಕ್ಕೆ. ಅಲ್ಲಿಯವರೆಗೆ ಕುರ್ಚಿ ಖಾಲಿ ಇರಲಿ. ಆಗ ಮೂವರೂ ಹೊಸದಾಗಿ ಅರ್ಜಿ ಹಾಕಿ."

"ನಾನು ಹದಿನಾಲ್ಕು ತಿಂಗಳಿಗೆ..."

"ಓ, ಹೌದಲ್ಲ," ಎಂದರು ಕಾರ್ಯದರ್ಶಿ, ನಿಜವಾದ ಬೇಸರದಿಂದ. "ಹಾಗಾದರೆ ಇಬ್ಬರು."

ಹೊರಗೆ ಟೀ ಅಮ್ಮ ಖಾಲಿ ಲೋಟಗಳನ್ನು ಟ್ರೇಗೆ ತುಂಬಿಕೊಳ್ಳುತ್ತಿದ್ದಳು. ಮಸಿಯಣ್ಣನನ್ನು ಕಂಡು ಅವಳ ಮುಖ ಅರಳಿತು.

"ಕೈ ಇರೋ ಕುರ್ಚಿ ಬಂತಲ್ಲಣ್ಣ ಕೊನೆಗೂ. ಎರಡು ನೀನೇ."

"ನಿನಗೆ ಹೇಗೆ ಗೊತ್ತು?"

"ಇಡೀ ಕಟ್ಟಡಕ್ಕೆ ಗೊತ್ತು. 'ಮೂವತ್ತೆರಡು ವರ್ಷದಲ್ಲಿ ಒಂದು ಹನಿ ಮಸಿಯನ್ನೂ ಬೀಳಬಾರದ ಜಾಗದಲ್ಲಿ ಬೀಳಿಸಿದವನಲ್ಲ' ಅಂತ ಬೇರೆ ಯಾರು ಬರೀತಾರೆ? ಅಧ್ಯಕ್ಷರು ಓದಿ ನಕ್ಕದ್ದು ಅದಕ್ಕೇ. ಟೈಪಿಸ್ಟ್ ಆಗಲೇ ಮುಖ ಊದಿಸಿಕೊಂಡು ಮನೆಗೆ ಹೋದಳು. ಟಪಾಲಿನವನು ನಿನಗೆ ಕೊಡೋಕೆ ಅಂತ ಹಾರ ತರೋಕೆ ಹೋಗಿದ್ದಾನೆ."

ಮಸಿಯಣ್ಣ ದಾಖಲೆ ಕೋಣೆಗೆ ಹೋಗಿ ಡ್ರಾಯರು ತೆಗೆದ. ತಳದಲ್ಲಿದ್ದ ಹಾಳೆಯ ಮಡಿಕೆ ಬಿಡಿಸಿ, ಕಿಟಕಿಯ ಬಳಿ ಹೋಗಿ, ಸಂಜೆಯ ಬಿಸಿಲಿಗೆ ಎರಡೂ ಕೈಯಿಂದ ಎತ್ತಿ ಹಿಡಿದ. ಓರೆ ಮಾಡಿ ನೋಡಿದ. ಒಂದು ಕಣ್ಣು ಮುಚ್ಚಿ ನೋಡಿದ. ಎಲ್ಲೋ ಒಂದು ನೀಲಿ ಗೀಟು, ತನ್ನ ಹೆಸರಿನ ಒಂದು ಕೊಂಬು, ಎರಡು ಎಂಬ ಅಂಕಿಯ ಒಂದು ಬಾಲ ಕಂಡರೆ ಸಾಕಿತ್ತು.

ಮುಂಬದಿಯ ಮಸಿ ಬಿಟ್ಟ ಕಡೆ ಹಿಂಬದಿಯದು ತಡೆದಿತ್ತು, ಹಿಂಬದಿಯದು ಬಿಟ್ಟ ಕಡೆ ಮುಂಬದಿಯದು. ಒಂದು ಸೂಜಿಮೊನೆಯಷ್ಟು ಬೆಳಕೂ ಸೋರಲಿಲ್ಲ. ಕೆಲಸ ಅಷ್ಟು ಅಚ್ಚುಕಟ್ಟಾಗಿತ್ತು.